ಹೆಸರು ಬರೆಸುವ ಜಾಗ

“ಮಗಳ ಹೆಸರು ಇಲ್ಲೇ ಬರಸ್ರಿ, ಸಾವ್ಕಾರ್ರ,” ಎಂದು ದಲ್ಲಾಳಿ ನಂದಕಿಶೋರ್ ಮಾರಾಟಕ್ಕಿದ್ದ ವಿಮಾನದ ಬಾಲದ ಹತ್ತಿರ ಅಂಗೈ ಇಟ್ಟ. “ಐವತ್ತು ಸೀಟು, ಹಿಂದ ಎರಡು ಎಂಜಿನ್. ಮೊದಲು ಕೆನಡಾದವರ ಹತ್ರ ಇತ್ತು, ಆಮ್ಯಾಲ ಪೋಲೆಂಡ್, ಆಮ್ಯಾಲ ಕೀನ್ಯಾ. ಮೂರು ಮಾಲಕರ ಕೈಯಾಗೂ ಒಂದು ಗೀರು ಬಿದ್ದಿಲ್ಲ.” ಸೇಡಂ ಊರಿನ ಮೇಲೆ ಒಂದು ಸುತ್ತು ಹಾರಿಸಿ ನೋಡಲು, ಪೈಲಟ್ ಆಗಿದ್ದ ನಾಗೇಂದ್ರಪ್ಪನ ಮಗಳು ಶಿವರಂಜನಿ ಆಗಲೇ ಒಳಗೆ ಪೈಲಟ್ ಸೀಟಿನಲ್ಲಿ ಕುಳಿತಿದ್ದಳು.

ವಿಮಾನ ಕೊಳ್ಳಲು ಬಂದಿದ್ದ ನಾಗೇಂದ್ರಪ್ಪನ ಕಣ್ಣು ಆ ಅಂಗೈ ಮೇಲೆಯೇ ನಿಂತಿತು. ಶಹಾಬಾದದ ಅವನ ಕಲ್ಲಿನ ಅಂಗಡಿಯ ಅಂಗಳದಲ್ಲಿ, ನೆಲಕ್ಕೆ ಹಾಸುವ ಫರಸಿ ಕಲ್ಲು ಬಿರುಕು ಬಿಟ್ಟಿದ್ದರೆ ಅದಕ್ಕೆ ಕಲ್ಲಿನ ಪುಡಿ, ಅಂಟು ತುಂಬಿ ಪಾಲಿಶ್ ಮಾಡುತ್ತಿದ್ದರು. ಅಂಗಡಿಯ ಹೆಸರಿನ ಸ್ಟಿಕರನ್ನು ಸರಿಯಾಗಿ ಆ ಬಿರುಕಿನ ಮೇಲೆಯೇ ಹಚ್ಚುತ್ತಿದ್ದರು. ಎಲ್ಲಿ ಹಚ್ಚಬೇಕೆಂದು ಹೀಗೇ ಕೈಯಿಟ್ಟು ತೋರಿಸುತ್ತಿದ್ದವನು ಅವನೇ.

ಬೆರಳ ಗೆಣ್ಣಿನಿಂದ ವಿಮಾನದ ಬಾಗಿಲ ಬಳಿ ಬಡಿದ. ಗಟ್ಟಿ ಕಲ್ಲಿನಂತೆ ಠಣ್ಣೆಂದಿತು. ಬಡಿಯುತ್ತಲೇ ಬಾಲದವರೆಗೆ ಬಂದ. ನಂದಕಿಶೋರನ ಅಂಗೈ ಅಲ್ಲೇ ಇತ್ತು.

“ಕೈ ತೆಗೀರಿ.”

ಅಂಗೈ ಇದ್ದಲ್ಲಿ ಬಡಿದ. ಹಸಿ ಮಣ್ಣಿಗೆ ಗುದ್ದಿದಂತೆ ಮಂಕು ಸದ್ದು.

“ಇಲ್ಲಿ ಬಿರುಕು ತುಂಬ್ಯಾರ. ಬಾಲ ಎಲ್ಲಿ ನೆಲಕ್ಕ ಬಡಿದಿತ್ರಿ?”

“ಕಾಗದದಾಗ ಅಂಥಾದ್ದೇನೂ ಇಲ್ರಿ,” ಎಂದು ನಂದಕಿಶೋರ್ ನಕ್ಕ. ಗಿರಾಕಿಗಳ ಮುಂದೆ ತಾನು ನಗುತ್ತಿದ್ದದ್ದೂ ಹಾಗೆಯೇ ಎಂದು ನಾಗೇಂದ್ರಪ್ಪನಿಗೆ ಗೊತ್ತಿತ್ತು.

ಅಷ್ಟರಲ್ಲಿ ಎಂಜಿನ್ ಶುರುವಾಯಿತು. ನಾಗೇಂದ್ರಪ್ಪ ಎರಡೂ ಕೈ ಎತ್ತಿ ಬೀಸುತ್ತ, “ಇಳಿ, ಕೆಳಗ ಇಳಿ!” ಎಂದು ವಿಮಾನದ ಮೂತಿಯ ಕಡೆಗೆ ಓಡಿದ. ಆ ಅಬ್ಬರದಲ್ಲಿ ಅವನ ಕೂಗು ಅವನಿಗೇ ಕೇಳಿಸಲಿಲ್ಲ. ಅಪ್ಪ ಬೀಳ್ಕೊಡುತ್ತಿದ್ದಾನೆಂದುಕೊಂಡು, ಗಾಜಿನಾಚೆಯಿಂದ ಶಿವರಂಜನಿಯೂ ನಗುತ್ತ ಕೈ ಬೀಸಿದಳು.