ತುಟಿಮಾತು

ಗೋವರ್ಧನ ಇಳಿಸಿದ ಕೆಂಪು ಬದಾಮಿನ ಎಕ್ಕದ ಮೇಲೆ ನರಸಯ್ಯ ಬದಾಮಿನ ಹತ್ತನ್ನೇ ತಂದು ಹಾಕಿದ. ಕೈಯಲ್ಲಿ ಸಣ್ಣ ಎಲೆಗಳಿದ್ದೂ ಹಾಕಿದ. ಮೆಂಡಿಕೋಟ್ ಎಂಬ ಇಸ್ಪೀಟೆಲೆಯ ಜೋಡಿಯಾಟದಲ್ಲಿ ಹೆಚ್ಚು ಹತ್ತುಗಳನ್ನು ಹೊಡೆದವರೇ ಗೆದ್ದವರು. ಅಂಥ ಎಲೆಯನ್ನು ಎದುರಾಳಿಯ ಮಡಿಲಿಗೆ ಹಾಕಿಬಿಟ್ಟ. ಅವನ ಜೋಡಿ ಲಿಂಬಾದ್ರಿ ಎದುರಿಗೆ ಕೂತು ಎರಡು ಸಲ ಹೇಳಿದ್ದ, ಹತ್ತು ಬೇಡ ಅಂತ. ಸದ್ದಿಲ್ಲದೆ, ಬರೀ ತುಟಿಯಲ್ಲಿ.

ಇಬ್ಬರೂ ಸೊಲ್ಲಾಪುರದ ಒಂದೇ ಶೆಡ್ಡಿನಲ್ಲಿ ಮೂವತ್ತೆಂಟು ವರ್ಷ ಚಾದರ ನೇಯ್ದವರು. ಶೆಡ್ಡಿನ ತುಂಬ ಹತ್ತಿ. ಕಿವಿಗಿಟ್ಟುಕೊಳ್ಳಲು ಅದರಲ್ಲೊಂದು ಚಿಟಿಕೆ ಕೊಡಬೇಕೆಂದು ಮಾಲೀಕನಿಗೆ ಒಂದು ದಿನವೂ ಹೊಳೆಯಲಿಲ್ಲ. ಐವತ್ತು ತುಂಬುವ ಮೊದಲೇ ಇಬ್ಬರ ಕಿವಿಗಳೂ ಹೋದವು. ಮಗ್ಗಗಳ ಅಬ್ಬರದಲ್ಲಿ ದನಿ ತೆಗೆದು ಪ್ರಯೋಜನವಿರಲಿಲ್ಲ, ತುಟಿ ಆಡಿಸಿಯೇ ಮಾತಾಡುತ್ತಿದ್ದರು. ಮಗ್ಗ ಬಿಟ್ಟ ಮೇಲೂ ಅವರಿಬ್ಬರ ನಡುವೆ ಉಳಿದದ್ದು ಅದೇ ಮಾತು. ಮಾರ್ಕಂಡೇಯ ಗುಡಿಯ ಕಟ್ಟೆಯ ಮೇಲೆ ಎಲೆ ಹಿಡಿದು ಕೂತರೆ ಅದೇ ಅವರ ಕಳ್ಳಾಟ. ಕಟ್ಟೆಗೆಲ್ಲ ಗೊತ್ತಿತ್ತು, ಓದಲು ಮಾತ್ರ ಯಾರಿಗೂ ಬರುತ್ತಿರಲಿಲ್ಲ.

“ಯಾಕ ಕಾಕಾ, ನಿಮ್ಮ ರೇಡಿಯೊ ಇವತ್ತ ಕೆಟ್ಟೈತೇನು?” ಗೋವರ್ಧನ ನಕ್ಕ. ಲಿಂಬಾದ್ರಿ ಆ ನಗುವನ್ನು ಕಂಡ. ನರಸಯ್ಯ ಅದನ್ನೂ ಕಾಣಲಿಲ್ಲ. ಯಾಕೋ ಎಲ್ಲರೂ ಆಟ ತಡೆದು ಕೂತಿದ್ದಾರೆ ಎಂಬುದಷ್ಟೇ ಅವನಿಗೆ ತಿಳಿಯಿತು. ಎಲೆಗಳನ್ನು ಕೆಳಗಿಟ್ಟು, ಕೋಲು ತಡಕಿ, ಕಟ್ಟೆಯ ಅಂಚನ್ನು ಕಾಲಲ್ಲಿ ಹುಡುಕುತ್ತ ಇಳಿದು ಹೋದ.

ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಲಿಂಬಾದ್ರಿ ಅವನ ಮನೆಗೆ ಹೋದಾಗ ಸೊಸೆ ಅನಸೂಯಾ ಓಣಿಯ ಉಳಿದ ಹೆಂಗಸರಂತೆ ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಅವನು ಓದಲೆಂದು ತುಟಿ ಬಿಡಿಸಿ ಬಿಡಿಸಿ ಹೇಳಿದಳು.

“ಸಕ್ಕರಿ ಕಾಯಿಲೆ ಕಣ್ಣ ತಿಂದೈತಿ ಕಾಕಾ. ಮೂಗಿಗೆ ಹಿಡಿದ್ರ ಎಲಿ ಕಾಣ್ತಾವ, ಮಂದಿ ಮುಖ ಬರೇ ಹೊಗಿ. ಆಪರೇಶನ್ನಿಗೂ ಬಗ್ಗೂದಿಲ್ಲ ಅಂದ್ರು ಡಾಕ್ಟರು. ವರ್ಷದ ಹಿಂದ ಸುರು ಆತು, ಈ ವಾರದಾಗ ಬಾಳ ಆತು. ಲಿಂಬ್ಯಾಗ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಹಾಕಿಸಿಕೊಂಡಿದ್ರು ಮಾವ.”

“ನೀ ಹೆಂಗ ಮಾತಾಡಸ್ತಿ?” ಲಿಂಬಾದ್ರಿ ಒಡಕು ದನಿಯಲ್ಲಿ ಕೇಳಿದ.

“ಭುಜಕ್ಕ ಒಂದ ತಟ್ಟಿದ್ರ ಊಟ. ಎರಡ ತಟ್ಟಿದ್ರ ಸ್ನಾನ. ಮೂರ ತಟ್ಟಿದ್ರ ಗುಳಿಗಿ.”

“ನಾಕು?”

ಅನಸೂಯಾ ದಾರ ಸುತ್ತುವುದನ್ನು ನಿಲ್ಲಿಸಿದಳು. “ನಾಕು ಇಲ್ಲ ಕಾಕಾ.”

ನರಸಯ್ಯ ಒಳಗೆ ಮಂಚದ ಮೇಲೆ ಕೂತಿದ್ದ. ಪಕ್ಕದಲ್ಲಿ ಬಂದು ಕೂತವನ ಕೈ ಮುಟ್ಟಿ, ಹಿಂದೊಮ್ಮೆ ಲಾಳಿ ಹಾರಿ ಅರ್ಧ ತಿಂದಿದ್ದ ತೋರುಬೆರಳನ್ನು ಗುರುತಿಸಿದ. “ಲಿಂಬ್ಯಾ, ಬ್ಯಾರೇ ಜೋಡಿ ನೋಡ್ಕೋ. ನಂದು ಮುಗೀತು.”

ಲಿಂಬಾದ್ರಿ ಅವನನ್ನು ಬಾಯಿಗೆ ಬಂದಂತೆ ಬೈದ. ಎಂದಿನಂತೆ ಬರೀ ತುಟಿಯಲ್ಲಿ. ನರಸಯ್ಯನ ಕಣ್ಣು ಗೋಡೆಯ ಮೇಲೆಲ್ಲೋ ಅಲೆಯುತ್ತಿರುವುದನ್ನು ನೋಡಿ ಬಾಯಿ ಮುಚ್ಚಿದ. ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿಕೊಂಡೇ, ದಾರ ಯಾವ ಕಡೆ ಕಡಿದಿದೆ ಎಂದು ಹೇಳುತ್ತಿದ್ದ ಕೈ ನರಸಯ್ಯನದು. ಆ ಕೈಯನ್ನೆತ್ತಿ ತನ್ನ ಗಂಟಲಿಗೆ ಒತ್ತಿಕೊಂಡು, ಅವನ ಹೆಬ್ಬೆರಳನ್ನು ತುಟಿಯ ಮೇಲಿಟ್ಟುಕೊಂಡು ಮತ್ತೆ ಬೈದ.

ನರಸಯ್ಯ ಅಂಗೈಯನ್ನು ಇನ್ನಷ್ಟು ಒತ್ತಿದ. “ನಿಂತ ಮಗ್ಗ ಮುಟ್ಟಿಧಂಗ ಐತಿ. ದನಿ ಬಿಡೋ ಹುಚ್ಚಾ. ಶೆಡ್ಡ ಬಿಟ್ಟು ಹನ್ನೊಂದ ವರ್ಷ ಆತು.”

ಲಿಂಬಾದ್ರಿ ಉಸಿರೆಳೆದುಕೊಂಡ. “ಕಳ್ಳ ನನ ಮಗನ, ಕಣ್ಣ ಹೋಗಿದ್ದು ನನಗ ಯಾಕ ಹೇಳಲಿಲ್ಲ?”

ಎಷ್ಟು ಜೋರಾಗಿ ಕೂಗಿದೆನೆಂದು ಅವನಿಗೇ ಗೊತ್ತಾಗಲಿಲ್ಲ. ಓಣಿಯುದ್ದಕ್ಕೂ ಬೀಡಿ ಕಟ್ಟುವ ಕೈಗಳು ನಿಂತವು. ನರಸಯ್ಯ ಮತ್ತೆ ಹೇಳಿಸಿದ, ಮತ್ತೊಮ್ಮೆ ಹೇಳಿಸಿದ. ಆರನೆಯ ಸಲಕ್ಕೆ ಅವನ ಬೆರಳಿಗೆ ಮಾತು ಸಿಕ್ಕಿತು.

“ಹೇಳಿದ್ರ ನೀ ಮಾತ ಬಿಡ್ತಿದ್ದಿ,” ಅಂದ. ಆಮೇಲೆ, “ಮೊದಲ ಗಡ್ಡ ಮಾಡಸ್ಕೋ. ಅಂಗೈ ಕೊರೀತೈತಿ.”

ಅಂದಿನಿಂದ ದಿನಾ ಮಧ್ಯಾಹ್ನ ಇಬ್ಬರೂ ಆ ಮಂಚದ ಮೇಲೆ ಕೂತು ಕಲಿತರು. ತಿಂಗಳ ಮೇಲೆ ಮತ್ತೆ ಕಟ್ಟೆಗೆ ಬಂದರು. ಎದುರುಬದುರು ಕೂರುವ ಬದಲು ಭುಜಕ್ಕೆ ಭುಜ ತಾಗಿಸಿ ಕೂತರು. ನರಸಯ್ಯನ ಒಂದು ಕೈಯಲ್ಲಿ ಎಲೆ, ಇನ್ನೊಂದು ಕೈ ಲಿಂಬಾದ್ರಿಯ ನುಣ್ಣನೆಯ ಗಂಟಲ ಮೇಲೆ. ಇದು ಜೋಡಿ ಕೂರುವ ರೀತಿಯಲ್ಲವೆಂದು ಯಾರೂ ತಕರಾರು ತೆಗೆಯಲಿಲ್ಲ. ಗೋವರ್ಧನ ಇಸ್ಪೀಟಿನ ಎಕ್ಕ ಇಳಿಸಿದ. ಲಿಂಬಾದ್ರಿ ತನ್ನ ಜೋಡಿಗೆ ಗುಟ್ಟು ಹೇಳಿದ.

“ಎಕ್ಕ ಬಿತ್ತು. ನಿನ್ನ ಹತ್ತು ಒಳಗ ಇಟ್ಕೋ, ಎರಡರದ್ದು ಹಾಕು. ಗ್ವಾವರ್ಧನ್ಯಾಗ ಗೊತ್ತಾಗಬಾರದು.”

ಗುಡಿಯ ಪಾರಿವಾಳಗಳು ಎದ್ದು ಹಾರಿದವು. ಎದುರಿನ ಚಹಾ ಅಂಗಡಿಯವನು ತಿರುಗಿ ನೋಡಿದ. ಗೋವರ್ಧನನ ಜೋಡಿ ನಗಲು ಬಾಯಿ ತೆರೆದ.

ಲಿಂಬಾದ್ರಿಗೆ ತನ್ನ ತುಟಿ ಕಾಣದಂತೆ ಗೋವರ್ಧನ ಎಲೆಗಳನ್ನು ಬಾಯಿಗೆ ಅಡ್ಡ ಹಿಡಿದ. “ನಮಗ ಯಾರಿಗೂ ಏನೂ ಕೇಳಿಸಿಲ್ಲ,” ಅಂದ ತನ್ನ ಜೋಡಿಗೆ. “ಎಲಿ ಹಾಕು.”