ಸ್ಯಾಂಪಲ್

ಬುಟ್ಟಿ ಹೆಣೆಯುವವರಿಗೆ ಸರ್ಕಾರ ಕೊಡುವ ಸಹಾಯಧನಕ್ಕೆ ಸಾಕಮ್ಮ ಅರ್ಜಿ ಹಾಕಿದ್ದಳು. ಕಚೇರಿಗೆ ಹೋದಾಗಲೆಲ್ಲ ಸಾಹೇಬರು, "ನೀನೇ ಹೆಣೆದಿದ್ದು ಅನ್ನೋಕೆ ಒಂದು ಸ್ಯಾಂಪಲ್ ಇಟ್ಟು ಹೋಗಮ್ಮ" ಎನ್ನುತ್ತಿದ್ದರು. ಬುಟ್ಟಿಯ ಅಂಚಿಗೆ ಕೆಂಪು ಬಳಿದ ಬಿದಿರಿನ ಸೀಳು ಸುತ್ತುವುದು ಅವಳ ಮನೆತನದ ಗುರುತು. ಹಾಗೆ ಒಂಬತ್ತು ಬುಟ್ಟಿಗಳು ಹೋದವು.

ಕೊನೆಗೆ ಸಾಹೇಬರೇ ಮನೆಗೆ ತನಿಖೆಗೆ ಬಂದರು.

"ಏನಮ್ಮ, ಮನೇಲಿ ಒಂದು ಬುಟ್ಟಿನೂ ಕಾಣ್ತಿಲ್ಲ?"

"ಎಲ್ಲಾ ನಿಮ್ ಆಫೀಸಿಗೇ ತಂದುಕೊಟ್ನಲ್ಲ ಸ್ವಾಮಿ. ಇನ್ನು ಬಿದಿರು ತರೋಕೂ ಕಾಸಿಲ್ಲ."

"ನೀನು ಹೇಳಿದ್ದನ್ನೆಲ್ಲ ಬರೆಯೋಕಾಗಲ್ಲಮ್ಮ. ಕಣ್ಣಿಗೆ ಕಂಡಿದ್ದನ್ನ ಬರೀಬೇಕು."

ಸಾಹೇಬರು 'ಕಸುಬು ನಿಂತಿದೆ' ಎಂದು ಬರೆದು ಸಹಿ ಮಾಡಿದರು. ಅವಳ ಫೈಲನ್ನು, ತಮ್ಮ ಬೈಕಿಗೆ ಕಟ್ಟಿದ್ದ ಕೆಂಪು ಅಂಚಿನ ಬುಟ್ಟಿಯಲ್ಲಿ, ಸಂತೆಯ ಬದನೆಕಾಯಿಗಳ ಮೇಲಿಟ್ಟುಕೊಂಡು ಹೊರಟರು.