ಕತ್ತಿನ ಕೊಂಡಿ

ಮೋಸಂಬಿ ಹೋಳನ್ನು ಒತ್ತಲು ಬಗ್ಗಿದ ಭವ್ಯಶ್ರೀಯ ತಾಳಿಸರ ಜ್ಯೂಸರಿನ ತಿರುಗುವ ಮೊನೆಗೆ ಸುತ್ತಿಕೊಂಡು ಅವಳ ಕತ್ತನ್ನು ಕೆಳಕ್ಕೆಳೆಯಿತು. ಗೋಡೆಯ ಸ್ವಿಚ್ಚು ಕೈಗೆ ಎಟುಕಲಿಲ್ಲ.

ಕತ್ತಿನ ಹಿಂದಿನ ಕೊಂಡಿ ಬಿಚ್ಚಿದ್ದರೆ ಸಾಕಿತ್ತು. ಆದರೆ ಜಯಲಕ್ಷ್ಮಿಪುರಂನ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಸ್ನಾನಕ್ಕೂ ಅದನ್ನು ತೆಗೆಯಲು ಅತ್ತೆ ಚಾಮುಂಡೇಶ್ವರಿ ಬಿಟ್ಟಿರಲಿಲ್ಲ. ಬೆರಳುಗಳು ಕೊಂಡಿಯ ಮೇಲೇ ನಿಂತುಬಿಟ್ಟವು. "ಅತ್ತೇ!" ಎಂದು ಕೂಗಿದಳು.

ಓಡಿಬಂದ ಚಾಮುಂಡೇಶ್ವರಿ ಮೊದಲು ಪ್ಲಗ್ ಕಿತ್ತರು. ಜ್ಯೂಸರ್ ನಿಂತಿತು. ಸರದ ಬಿಗಿ ಸಡಿಲವಾಗಲಿಲ್ಲ.

"ಕೊಂಡಿ ಬಿಚ್ಚಬಾರ್ದೇನಮ್ಮ?"

"ನೀವು ಬೈತೀರ ಅಂತ..."

"ಉಸಿರು ಕಟ್ಟಿದ್ರೂ ನನ್ನ ಭಯಾನಾ ನಿಂಗೆ?" ಎಂದ ಚಾಮುಂಡೇಶ್ವರಿಗೆ ತಮ್ಮ ಮಾತು ತಮಗೇ ತಗುಲಿತು. ತಾವೇ ಕೊಂಡಿ ಬಿಚ್ಚಿದರು.

ಭವ್ಯಶ್ರೀ ಕೆಂಪಾದ ಕತ್ತು ಸವರಿಕೊಳ್ಳುತ್ತಿರುವಾಗ, ಅತ್ತೆ ತಮ್ಮ ತಾಳಿಸರವನ್ನೂ ಕಳಚಿ ಕಪಾಟಿನಲ್ಲಿಟ್ಟು, ಜ್ಯೂಸರಿನ ಮೊನೆ ಬಿಚ್ಚಿ ತೊಳೆಯತೊಡಗಿದರು.